ನಿಮಿಷಪ್ಪನವರು ಫಿಲ್ಟರ್ ಆರಿಸಿದ್ದು

ಎರಡೇ ಡಬ್ಬಗಳಿದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಒಂದು ನಾಣ್ಯ ಚಿಮ್ಮಿ, ಅದು ಹೇಳಿದ್ದಕ್ಕೆ ತಲೆಬಾಗಿ, ಸಹಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಇಂಜಿನಿಯರಮ್ಮ ಸ್ಟೋರಿನ ಮೇಜಿನ ಮೇಲೆ ಸಾಲಾಗಿ ತಂದಿಟ್ಟದ್ದು ಮೂರು ಡಬ್ಬ. ಮೂರು ಮುಖದ ನಾಣ್ಯವನ್ನು ಇದುವರೆಗೆ ಯಾವ ಸರ್ಕಾರವೂ ಅಚ್ಚು ಹಾಕಿಸಿಲ್ಲ.

"ನೀಲಿ ವಿಮಾನದ ಪೆಟ್ರೋಲ್ ಫಿಲ್ಟರ್ ಬದಲಾಯಿಸ್ಬೇಕು," ಎಂದರು ಇಂಜಿನಿಯರಮ್ಮ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಳ್ಳುತ್ತ. "ನಾವು ಹಾಕ್ತಿದ್ದ ನಮೂನೆ ಬರೋದು ನಿಂತುಹೋಗಿದೆ. ಅದರ ಬದ್ಲಿಗೆ ಈ ಮೂರು ಇವೆ. ಮೂರಕ್ಕೂ ಒಪ್ಪಿಗೆ ಇದೆ. ಒಂದನ್ನ ಆರಿಸಿ, ಯಾಕೆ ಆರಿಸಿದ್ರಿ ಅಂತ ಬರೆದು, ಸಹಿ ಹಾಕಿ ಕೊಡಿ."

"ನಾನಾ?"

"ಸ್ಟೋರ್ ಯಾರದ್ದು?"

"ನಂದೇ. ಆದ್ರೆ ಮೇಡಂ, ಇದು ಇಂಜಿನಿಯರ್ ಕೆಲಸ ಅಲ್ವಾ?"

"ಮೂರೂ ಸರಿಯಾಗಿವೆ ಅಂತ ಹೇಳೋದು ನನ್ನ ಕೆಲಸ. ಹೇಳಿದೆ. ಮೂರರಲ್ಲಿ ಒಂದನ್ನ ಎತ್ತಿ ಕೊಡೋದು ನಿಮ್ಮ ಕೆಲಸ. ಅಷ್ಟೇ."

"ಒಂದ್ನಿಮಿಷ ಮೇಡಂ..."

"ಒಂದಲ್ಲ, ಬೇಕಾದಷ್ಟು ತಗೊಳ್ಳಿ. ಸಂಜೆ ನಾಲ್ಕಕ್ಕೆ ಆ ವಿಮಾನ ಹಾರಬೇಕು. ಅದರಲ್ಲಿ ಯಾರು ಕೂರ್ತಾರೆ ಅಂತ ಗೊತ್ತಲ್ಲ?"

ಗೊತ್ತಿತ್ತು. ಅದೇ ತಾಪತ್ರಯ. ಆ ವಿಮಾನದಲ್ಲಿ, ಪಕ್ಕದಲ್ಲಿ ಗುರುಗಳಿಲ್ಲದೆ, ಜೀವನದಲ್ಲಿ ಮೊದಲ ಸಲ ಒಬ್ಬಳೇ ಕೂತು ಹಾರುವವಳು ಅವರ ಮಗಳು.

ಈ ಫ್ಲೈಯಿಂಗ್ ಕ್ಲಬ್ಬಿನ ಸ್ಟೋರ್‌ಕೀಪರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ "ಒಂದ್ನಿಮಿಷ" ಎನ್ನುತ್ತಿದ್ದರಿಂದ ಊರೆಲ್ಲ ಅವರನ್ನು ನಿಮಿಷಪ್ಪ ಎಂದೇ ಕರೆಯುತ್ತಿತ್ತು. ಹೋಟೆಲಿಗೆ ಹೋದರೆ ಏನು ಬೇಕೆಂದು ಕೇಳಿ ಹೋದ ಮಾಣಿ ಮೂರನೆಯ ಸಲ ಬರುವಷ್ಟರಲ್ಲಿ ಅವನ ಪಾಳಿಯೇ ಮುಗಿದು ಇನ್ನೊಬ್ಬ ಬಂದಿರುತ್ತಿದ್ದ. ಮದುವೆಯ ಮಾತು ಬಂದಾಗಲೂ ಒಂದ್ನಿಮಿಷ ಎಂದಿದ್ದರಂತೆ. ಆ ನಿಮಿಷ ಮುಗಿಯುವ ಸೂಚನೆ ಕಾಣದೆ, ಅವರ ಪರವಾಗಿಯೂ ಹೆಂಡತಿಯೇ ಹೂಂ ಎಂದು ಕೆಲಸ ಮುಗಿಸಿದ್ದಳು.

ಹಾಗಂತ ಕೆಲಸದಲ್ಲಿ ಅವರು ಕಡಿಮೆಯವರಲ್ಲ. ಸ್ಟೋರಿನ ಸಾವಿರಾರು ನಟ್ಟು, ಬೋಲ್ಟು, ವಾಷರುಗಳು ಯಾವ ಗೂಡಿನಲ್ಲಿವೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಪುಸ್ತಕದಲ್ಲಿ ಯಾವ ನಂಬರು ಇದೆಯೋ ಆ ನಂಬರು ಕೊಡು ಎಂದರೆ ಗಾಳಿಯ ಹಾಗೆ ಹೋಗಿ ತರುತ್ತಿದ್ದರು. ಇದು ಅಥವಾ ಅದು ಎಂದರೆ ಮಾತ್ರ ಕಾಲು ಕಂಬವಾಗುತ್ತಿತ್ತು.

ಮಗಳ ಒಂಟಿ ಹಾರಾಟ ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಎರಡೂ ಸಲ ಕಾರಣ ಈ ಅಪ್ಪನೇ. ಮೊದಲ ಸಲ ಕರವಸ್ತ್ರದಷ್ಟು ಅಗಲದ ಒಂದು ಮೋಡ ಕಂಡು, "ಮಳೆ ಬರುತ್ತೆ, ಬೇಡ" ಎಂದು ಕ್ಯಾಪ್ಟನ್ನರ ಕೈಹಿಡಿದು ಜಗ್ಗಿದ್ದರು. ಎರಡನೆಯ ಸಲ ವಿಮಾನ ರನ್‌ವೇ ತುದಿಗೆ ಹೋಗಿ ನಿಂತಾಗ, ಹುಲ್ಲಿನಲ್ಲಿ ಹದ್ದು ಕೂತಿದೆ ಎಂದು ಎರಡೂ ಕೈ ಎತ್ತಿ ಅಡ್ಡ ಓಡಿದ್ದರು. ಹತ್ತಿರ ಹೋಗಿ ನೋಡಿದರೆ ಅದು ಯಾರೋ ಬಿಸಾಡಿದ್ದ ಕಪ್ಪು ಪ್ಲಾಸ್ಟಿಕ್ ಚೀಲ. ಅಷ್ಟರಲ್ಲಿ ಮಗಳು ಇಂಜಿನ್ ನಿಲ್ಲಿಸಿ ಕೆಳಗಿಳಿದಾಗಿತ್ತು.

ಅಂಥವರ ಕೈಗೆ ಈಗ ಮೂರು ಡಬ್ಬ.

ಇಂಜಿನಿಯರಮ್ಮ ಹೋದ ಮೇಲೆ ನಿಮಿಷಪ್ಪನವರು ಒಂದೊಂದೇ ಡಬ್ಬವನ್ನು ಬಿಚ್ಚಿದರು. ಮೊದಲನೆಯದರಲ್ಲಿ ಕಾಗದದ ಫಿಲ್ಟರ್: ಬೀಸಣಿಗೆಯ ಹಾಗೆ ಮಡಚಿದ ಬಿಳಿ ಕಾಗದ, ಸುತ್ತ ತಗಡಿನ ಕವಚ. ಹುಡಿಗಿಂತ ನುಣ್ಣನೆಯ ಧೂಳನ್ನೂ ಹಿಡಿಯುತ್ತದೆ, ಆದರೆ ಪೆಟ್ರೋಲಿನಲ್ಲಿ ನೀರು ಸೇರಿದ್ದರೆ ಕಾಗದ ಉಬ್ಬಿಕೊಳ್ಳಬಹುದು ಎಂದು ಜೊತೆಯ ಕಾಗದದಲ್ಲಿ ಬರೆದಿತ್ತು. ಎರಡನೆಯದು ಉಕ್ಕಿನ ಜಾಲರಿ. ತೊಳೆದು ಮತ್ತೆ ಹಾಕಬಹುದು, ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ; ತೀರ ಸಣ್ಣ ಧೂಳು ಮಾತ್ರ ನುಸುಳಿ ಹೋದೀತು. ಮೂರನೆಯದಕ್ಕೆ ಕೆಳಗೆ ಗಾಜಿನ ಪುಟ್ಟ ಬಟ್ಟಲು, ಒಂದು ನಿಂಬೆಹಣ್ಣು ಹಿಡಿಸುವಷ್ಟು. ನೀರು, ಕಸ ಏನಿದ್ದರೂ ಅದರ ತಳದಲ್ಲಿ ಕೂತು ಹೊರಗೆ ಕಾಣುತ್ತದೆ. ಆದರೆ ಗಾಜು ಗಾಜೇ ತಾನೆ?

ಕಾಗದ ಎಂದುಕೊಂಡರೆ ಅದು ಉಬ್ಬಿ ಪೆಟ್ರೋಲ್ ನಿಂತು ಇಂಜಿನ್ ಆರಿದಂತಾಯಿತು. ಜಾಲರಿ ಎಂದುಕೊಂಡರೆ ಧೂಳು ನುಸುಳಿ ಇಂಜಿನ್ ಕೆಮ್ಮಿದಂತಾಯಿತು. ಗಾಜು ಎಂದುಕೊಂಡ ಕೂಡಲೇ ಫಳ್ ಎಂದು ಒಡೆದ ಸದ್ದು ಕಿವಿಯಲ್ಲೇ ಕೇಳಿಸಿತು. ಮೂರು ಸಲವೂ ನಿಮಿಷಪ್ಪನವರ ಕಣ್ಣ ಮುಂದೆ ನೀಲಿ ವಿಮಾನ ಬಿತ್ತು. ಒಂಬತ್ತೂವರೆಯೊಳಗೆ ಮೂರು ಅಪಘಾತ ನೋಡಿದ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಬಂದರು ಕ್ಯಾಪ್ಟನ್. ಮಗಳಿಗೆ ಹಾರುವುದನ್ನು ಕಲಿಸಿದ ಗುರುಗಳು ಇವರೇ. ನಲವತ್ತು ವರ್ಷ ಇಂಜಿನ್ ಪಕ್ಕ ಕೂತು ಒಂದು ಕಿವಿ ಮಂದವಾಗಿದ್ದರಿಂದ, ಎದುರಿಗಿದ್ದವರಿಗೂ ಅದೇ ಕಾಯಿಲೆ ಇದೆಯೆಂದು ತಿಳಿದು ಕಿರುಚಿಯೇ ಮಾತಾಡುತ್ತಿದ್ದರು.

"ಆರಿಸಿದ್ರಾ?"

"ಇಲ್ಲ ಕ್ಯಾಪ್ಟನ್, ಒಂದ್ನಿಮಿಷ. ನೀವೇ ಹೇಳಿಬಿಡಿ, ಯಾವುದು ಒಳ್ಳೇದು?"

"ಜಾಲರಿ! ಇಂಜಿನ್‌ಗೆ ಹೊಟ್ಟೆ ತುಂಬ ಪೆಟ್ರೋಲ್ ಬೇಕು. ಸ್ವಲ್ಪ ಧೂಳು ತಿಂದ್ರೆ ಏನೂ ಆಗಲ್ಲ. ನಾನೂ ತಿಂದಿದೀನಿ!" ಎಂದು ಮೇಜಿನ ಮೇಲೆ ಕುಟ್ಟಿದರು. "ಒಂದ್ಸಲ ಕಾಗದದ ಫಿಲ್ಟರ್ ಕೈಕೊಟ್ಟು, ಸೌತೆಕಾಯಿ ಹೊಲದಲ್ಲಿ ಇಳಿಸ್ದೆ. ಹೊಲದ ಯಜಮಾನಿ ಕೋಲು ತಗೊಂಡು ಬಂದ್ಲು. ಇಳಿಯೋದು ಕಷ್ಟ ಆಗ್ಲಿಲ್ಲ, ಅವಳಿಂದ ತಪ್ಪಿಸ್ಕೊಳ್ಳೋದೇ ಕಷ್ಟ ಆಯ್ತು!"

"ಹಾಗಾದ್ರೆ ಜಾಲರಿ ಅಂತ ಬರೀಲಾ?"

ಕ್ಯಾಪ್ಟನ್ ಯಾಕೋ ಗಾಬರಿಯಾದರು. "ಛೆ ಛೆ! ಆತುರ ಬೇಡ! ಜಾಲರೀಲೂ ಜರಡಿ ಹಿಡಿದು ನೋಡೋ ವಿಷ್ಯ ಬಹಳ ಇದೆ. ಚೆನ್ನಾಗಿ ಯೋಚಿಸಿ. ಇಲ್ಲೇ ಕೂತ್ಕೊಂಡು ಯೋಚಿಸಿ. ಹೊರಗೆ ಬಿಸಿಲು!"

ಆತುರ ಬೇಡ ಎಂಬ ಮಾತನ್ನು ಐವತ್ತೆರಡು ವರ್ಷದಲ್ಲಿ ಯಾರೂ ನಿಮಿಷಪ್ಪನವರಿಗೆ ಹೇಳಿರಲಿಲ್ಲ. ಅವರ ಮನಸ್ಸು ತುಂಬಿ ಬಂತು. ಒಂದು ಬಿಳಿ ಹಾಳೆ ತೆಗೆದು, ಮೂರು ಅಂಕಣ ಗೆರೆ ಹಾಕಿ, ಗೆರೆ ಸೊಟ್ಟಗಾಯಿತೆಂದು ಇನ್ನೊಂದು ಹಾಳೆ ತೆಗೆದರು.

ಗುಣ ದೋಷ ಬರೆಯುತ್ತಿರುವಾಗಲೇ ಹೆಂಡತಿಯ ಫೋನು.

"ರೀ, ಏನೋ ಫಿಲ್ಟರ್ ಆರಿಸೋಕೆ ಕೊಟ್ಟಿದಾರಂತೆ?"

"ನಿಂಗೆ ಯಾರು ಹೇಳಿದ್ರೇ?"

"ಯಾರೋ ಹೇಳಿದ್ರು ಬಿಡಿ. ನೋಡಿ, ಮಗಳು ಕೂರೋ ವಿಮಾನ. ಕಣ್ಮುಚ್ಚಿ ಒಂದನ್ನ ಎತ್ತಿ ಕೊಟ್ಬಿಡ್ಬೇಡಿ. ನನ್ನ ತಮ್ಮನ್ನ ಕಳಿಸ್ತಿದೀನಿ. ಫಿಲ್ಟರ್ ವಿಷ್ಯದಲ್ಲಿ ಅವನ್ನ ಬಿಟ್ರೆ ಇಲ್ಲ."

ಭಾವಮೈದನಿಗೂ ವಿಮಾನಕ್ಕೂ ಇದ್ದ ಸಂಬಂಧ ಅಷ್ಟಕ್ಕಷ್ಟೇ. ಅವನದು ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು ಸಾಕಿ ಮಾರುವ ಅಂಗಡಿ. ಆದರೆ ತೊಟ್ಟಿಗೂ ಫಿಲ್ಟರ್ ಬೇಕೇ ಬೇಕಲ್ಲ. ಆ ಒಂದು ಎಳೆ ಹಿಡಿದು ಅವನು ಹತ್ತೂವರೆಗೆ ಸ್ಟೋರಿನ ಬಾಗಿಲಲ್ಲಿ ಪರಿಣತನ ಗತ್ತಿನಲ್ಲಿ ಬಂದು ನಿಂತ. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಬೆರಳ ಉಗುರಿನಷ್ಟುದ್ದದ ನಾಲ್ಕು ಕೆಂಪು ಮೀನು.

"ಇದೇನಯ್ಯಾ?"

"ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿಗೆ ಕೊಡೋಕೆ ಹೊರಟಿದ್ದೆ ಭಾವ. ಅಲ್ಲಿ ಕೂತವರಿಗೆ ಭಯ ಹೋಗ್ಲಿ ಅಂತ ತೊಟ್ಟಿ ಇಟ್ಟಿದಾರೆ. ಅಕ್ಕ ಫೋನ್ ಮಾಡಿದ್ಳು, ದಾರೀಲೇ ಇಲ್ಲಿಗೆ ಬಂದೆ." ಮೇಜಿನ ಮೇಲಿದ್ದ ಮೂರನ್ನೂ ಒಮ್ಮೆ ಮೂಸಿ ನೋಡಿದ. "ಭಾವ, ಇದು ಮೀನಿನ ತೊಟ್ಟಿಗಿಂತ ಜವಾಬ್ದಾರಿ ಕೆಲಸ."

"ಗೊತ್ತು ಕಣಯ್ಯಾ."

"ಗೊತ್ತಿಲ್ಲ ನಿಮಗೆ. ಫಿಲ್ಟರ್ ಕೆಟ್ರೆ ಮೀನು ಸಾಯುತ್ತೆ, ಆದ್ರೂ ಮೇಲೆ ತೇಲುತ್ತೆ. ವಿಮಾನ ತೇಲುತ್ತಾ?"

ನಿಮಿಷಪ್ಪನವರು ಕುರ್ಚಿಯ ಕೈ ಹಿಡಿದುಕೊಂಡರು. ನಾಲ್ಕನೆಯ ಅಪಘಾತ.

"ಬರೀ ಓದಿದ್ರೆ ಆಗಲ್ಲ, ಪರೀಕ್ಷೆ ಮಾಡ್ಬೇಕು," ಎಂದ ಭಾವಮೈದ. "ಮೂರು ಲೋಟ, ಒಂದಿಷ್ಟು ಮಣ್ಣು ನೀರು. ಯಾವುದು ಚೆನ್ನಾಗಿ ಸೋಸುತ್ತೋ ಅದೇ ರಾಜ!"

ಬೆಂಕಿ ಬಿದ್ದರೆ ಎರಚಲೆಂದು ಬಾಗಿಲ ಬಳಿ ಇಟ್ಟಿದ್ದ ಕೆಂಪು ಬಕೆಟ್ಟಿನಲ್ಲಿ ಮರಳು ಮಣ್ಣು ಬೇಕಾದಷ್ಟಿತ್ತು. ಲೋಟಕ್ಕೆ ಫೋನು ಮಾಡಿದರೆ ಕ್ಯಾಂಟೀನ್ ಅಕ್ಕ ತಾನೇ ತಂದಳು. ಆಕೆ ಕ್ಲಬ್ಬಿನವರಿಗೆಲ್ಲ ಟೀ ಮಾಡಿಕೊಡುವವಳು. ಯಾರ ಮನೆಯಲ್ಲಿ ಏನು ನಡೆದರೂ ಹಾಲು ಉಕ್ಕುವ ಮೊದಲೇ ಆಕೆಗೆ ತಿಳಿದಿರುತ್ತಿತ್ತು. ತಂದವಳು ಕೊಟ್ಟು ಹೋಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತಳು.

ಮೂಲೆಯ ಸಿಂಕಿನಲ್ಲಿ ಪರೀಕ್ಷೆ ಶುರುವಾಯಿತು. ಕಾಗದದ ಫಿಲ್ಟರಿನ ಬಾಯಿಗೆ ಮಣ್ಣು ನೀರು ಹೊಯ್ದರು. ಒಂದು ಹನಿ ಬಿತ್ತು. ತಿಳಿಯಾದ ಹನಿ, ಮುತ್ತಿನಂಥದ್ದು. ಮೂವರೂ ಬಾಗಿ ಎರಡನೆಯ ಹನಿಗೆ ಕಾದರು. ಅದು ಬರಲೇ ಇಲ್ಲ. ಕಾಗದ ನೀರು ಕುಡಿದು ಉಬ್ಬಿ, ಮುನಿಸಿಕೊಂಡ ನೆಂಟನ ಹಾಗೆ ಮುಖ ದಪ್ಪ ಮಾಡಿಕೊಂಡು ಕೂತಿತ್ತು.

"ನೀರು ಸೇರಿದ್ರೆ ಉಬ್ಬುತ್ತೆ ಅಂತ ಅದರಲ್ಲೇ ಬರೆದಿತ್ತಲ್ಲಯ್ಯಾ," ಎಂದು ನಿಮಿಷಪ್ಪನವರು ಗೊಣಗಿದರು.

"ಬರೆದಿದ್ದು ನಿಜ ಅಂತ ಈಗ ಗೊತ್ತಾಯ್ತಲ್ಲ ಭಾವ!"

ಜಾಲರಿಯಲ್ಲಿ ಹೊಯ್ದದ್ದೇ ತಡ, ನೀರು ಭರ್ರನೆ ಇಳಿಯಿತು. ಕಸ ಕಡ್ಡಿ ಮೇಲೆ ಉಳಿದರೂ ಲೋಟದಲ್ಲಿ ನೀರು ಕೆಂಪಗೇ ಇತ್ತು. ಕ್ಯಾಂಟೀನ್ ಅಕ್ಕ ಜಾಲರಿಯನ್ನು ನಲ್ಲಿಗೆ ಹಿಡಿದು ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ಆಕೆಯ ಕಣ್ಣು ಅರಳಿತು.

"ಎಷ್ಟು ಚೆನ್ನಾಗಿದೆ! ನನ್ನ ಟೀ ಸೋಸೋದು ನಿನ್ನೆ ಹಿಡಿ ಮುರಿದು ಬಿತ್ತು. ಈಗ ಹದಿನೈದು ಜನಕ್ಕೆ ಟೀ ಕೊಡ್ಬೇಕು. ಒಂದ್ಸಲ ಸೋಸಿ ತಂದುಕೊಡ್ತೀನಿ."

"ಏಯ್ ಅಕ್ಕಾ, ಅದು ವಿಮಾನದ್ದು!"

"ವಿಮಾನಕ್ಕೆ ಆಗೋದು ನನ್ನ ಟೀಗೆ ಆಗಲ್ವಾ?" ಎಂದು ಕೇಳಿದ ಆಕೆ ಉತ್ತರಕ್ಕೆ ಕಾಯಲಿಲ್ಲ. ನಿಮಿಷಪ್ಪನವರು ಉತ್ತರಿಸುವವರೆಗೆ ಕಾದವರು ಆ ಕ್ಲಬ್ಬಿನಲ್ಲೇ ಇರಲಿಲ್ಲ. ಜಾಲರಿ ಸೆರಗಿನ ಮರೆಯಲ್ಲಿ ಹೊರಟುಹೋಯಿತು. ಹದಿನೈದು ಜನ ಯಾರು, ಈ ಹೊತ್ತಲ್ಲಿ ಯಾಕೆ ಸೇರಿದ್ದಾರೆ ಎಂದು ಕೇಳಬೇಕೆಂದು ಅವರಿಗೆ ಹೊಳೆಯಿತು. ಕೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಹೊರಗೆ ಇಂಜಿನ್ ಗುಡುಗಿತು.

"ಯಾವ ವಿಮಾನ ಅದು?" ಎಂದು ನಿಮಿಷಪ್ಪನವರು ಕಿಟಕಿಯ ಕಡೆ ಹೊರಟರು.

ಭಾವಮೈದ ಅವರಿಗಿಂತ ಮೊದಲು ಹಾರಿ, ಕಿಟಕಿಯ ಎರಡೂ ಬಾಗಿಲು ಮುಚ್ಚಿ ಚಿಲಕ ಹಾಕಿ, ಅದಕ್ಕೆ ಬೆನ್ನುಕೊಟ್ಟು ನಿಂತ. "ಯಾವುದೋ ಒಂದು ಬಿಡಿ ಭಾವ. ಈ ಗದ್ದಲದಲ್ಲಿ ತಲೆ ಓಡುತ್ತಾ? ಗಾಜಿನದು ಬಾಕಿ ಇದೆ, ಬನ್ನಿ."

ಇಂಜಿನ್ನಿನ ಸದ್ದು ಏರಿತು, ಸ್ಟೋರಿನ ತಗಡಿನ ಮಾಡನ್ನು ಗಡಗಡ ನಡುಗಿಸಿತು, ದೂರವಾಯಿತು. ಮತ್ತೆ ಫೋನು. ಹೆಂಡತಿ.

"ರೀ, ಏನ್ಮಾಡ್ತಿದೀರಿ?"

"ಎರಡಾಯ್ತು ಕಣೇ. ಮೂರನೇದು ನೋಡ್ತಿದೀನಿ. ಯಾಕೆ ನಿನ್ನ ದನಿ ನಡುಗ್ತಿದೆ?"

"ಏನಿಲ್ಲ. ಒಳಗೇ ಇದೀರಲ್ಲ?"

"ಹೂಂ. ಏನದು, ಯಾರೋ ಚಪ್ಪಾಳೆ ಹೊಡೀತಿದಾರೆ?"

"ಪಕ್ಕದ್ಮನೆ ಟೀವಿ," ಎಂದು ಹೆಂಡತಿ ಫೋನಿಟ್ಟಳು.

ನಿಮಿಷಪ್ಪನವರು ಮೇಜಿಗೆ ಮರಳಿ ನೋಡಿದರೆ ಅಲ್ಲಿ ಪ್ರವಾಹ. ಗಡಿಬಿಡಿಯಲ್ಲಿ ಭಾವಮೈದ ಮೀನಿನ ಚೀಲವನ್ನು ಇಟ್ಟದ್ದು ಚೀಟಿಗಳನ್ನು ಚುಚ್ಚಿಡುವ ಕಬ್ಬಿಣದ ಮುಳ್ಳಿಗೆ ಒರಗಿಸಿ. ಚೀಲದ ಹೊಟ್ಟೆಯಿಂದ ನೀರು ಕಾರಂಜಿಯ ಹಾಗೆ ಚಿಮ್ಮಿ, ಮೂರು ಅಂಕಣದ ಹಾಳೆಯ ಮೇಲೆ ಗುಣ ದೋಷಗಳೆಲ್ಲ ಒಂದಾಗಿ ಹರಿಯುತ್ತಿದ್ದವು.

"ಅಯ್ಯಯ್ಯೋ ನನ್ನ ಮೀನು! ಲೋಟ ಕೊಡಿ ಭಾವ!"

"ಯಾವ ಲೋಟ? ಒಂದ್ನಿಮಿಷ..."

"ಯಾವುದಾದ್ರೂ!"

ಮಣ್ಣು ಮುಟ್ಟದ ಲೋಟ ಒಂದೇ ಉಳಿದಿತ್ತು. ನಲ್ಲಿ ನೀರು ಮೀನಿಗೆ ಆಗದೆಂದು, ಚೀಲದಲ್ಲಿ ಉಳಿದ ನೀರನ್ನೇ ಅದಕ್ಕೆ ಬಸಿದ ಭಾವಮೈದ. ಮೂರು ಮೀನು ಲೋಟಕ್ಕೆ ಬಿದ್ದವು. ನಾಲ್ಕನೆಯದು ಮೇಜಿನ ಮೇಲೆ ಪಟಪಟ ಕುಣಿಯಿತು. ಅವನು ಅತ್ತಿತ್ತ ನೋಡಿ, ಕೈಗೆ ಸಿಕ್ಕ ಗಾಜಿನ ಬಟ್ಟಲಿಗೆ ಲೋಟದಿಂದ ಒಂದಿಷ್ಟು ನೀರು ಸುರಿದು ಅದನ್ನು ಅಲ್ಲಿಗೆ ಬಿಟ್ಟ.

"ಬೇರೆ ಚೀಲ ತರ್ತೀನಿ. ಇವನ್ನ ನೋಡ್ಕೊಳ್ಳಿ ಭಾವ," ಎಂದವನು ಬಾಲ ಸುಟ್ಟ ಬೆಕ್ಕಿನ ಹಾಗೆ ಹೊರಗೆ ಓಡಿದ.

ನಿಮಿಷಪ್ಪನವರು ನೋಡಿದರು. ಕಾಗದದ ಫಿಲ್ಟರ್ ಸಿಂಕಿನಲ್ಲಿ ಕೆಸರು ಕುಡಿದು ಸತ್ತಿತ್ತು. ಜಾಲರಿ ಕ್ಯಾಂಟೀನಿನಲ್ಲಿ ಟೀ ಸೋಸುತ್ತಿತ್ತು. ಮೂರನೆಯದರಲ್ಲಿ ಮೀನು ಈಜುತ್ತಿತ್ತು. ಫಿಲ್ಟರ್ ಇಲ್ಲ. ಫಿಲ್ಟರ್ ಇಲ್ಲದ ಮೇಲೆ ವಿಮಾನ ಹಾರುವುದಿಲ್ಲ.

ವಿಮಾನ ಹಾರುವುದಿಲ್ಲ!

ಅವರ ಮೈಯೆಲ್ಲ ಹಗುರಾಯಿತು. ಹೋಗಿ ಇಂಜಿನಿಯರಮ್ಮನಿಗೆ, "ಹೀಗಾಯ್ತು ಮೇಡಂ, ಮುಂದಿನ ವಾರ ನೋಡೋಣ" ಎಂದರಾಯಿತು. ಬೈಯುತ್ತಾರೆ, ಬೈಯಲಿ. ಮಗಳು ನೆಲದ ಮೇಲಿರುತ್ತಾಳೆ. ಅಷ್ಟು ಸಾಕು.

ಆ ಹಗುರ ಬಹಳ ಹೊತ್ತು ನಿಲ್ಲಲಿಲ್ಲ. ಬೆಳಿಗ್ಗೆ ಐದು ಗಂಟೆಗೇ ಎದ್ದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಮಗಳು ಕಣ್ಣ ಮುಂದೆ ಬಂದಳು. ಮೊದಲ ಸಲ ಮೋಡ ಅಂದಾಗ ಅವಳು "ಪರವಾಗಿಲ್ಲಪ್ಪ" ಎಂದಿದ್ದಳು. ಪ್ಲಾಸ್ಟಿಕ್ ಚೀಲದ ದಿನವೂ "ಪರವಾಗಿಲ್ಲಪ್ಪ" ಎಂದು, ಮನೆಗೆ ಹೋಗಿ ಊಟ ಮಾಡದೆ ಮಲಗಿದ್ದಳು. ಕೂಗಾಡಿದ್ದರೆ ಒಳ್ಳೆಯದಿತ್ತು. ಇವತ್ತೂ ಪರವಾಗಿಲ್ಲಪ್ಪ ಎಂದೇ ಹೇಳುತ್ತಾಳೆ. ಆ ಮಾತನ್ನು ಮೂರನೆಯ ಸಲ ಕೇಳುವ ಶಕ್ತಿ ತನಗಿಲ್ಲ ಎಂದು ನಿಮಿಷಪ್ಪನವರಿಗೆ ಅನ್ನಿಸಿತು.

ಆಮೇಲೆ ನಡೆದದ್ದನ್ನು ಅವರೇ ನಂಬಲಾರರು. ಒದ್ದೆಯಾಗದ ಒಂದು ಹಾಳೆ ಎಳೆದುಕೊಂಡು, ಯೋಚಿಸದೆ, ತಿದ್ದದೆ ಬರೆದರು: "ಗಾಜಿನದು. ಯಾಕೆಂದರೆ ಒಳಗೆ ಏನಿದೆಯೆಂದು ಹೊರಗಿಂದ ಕಾಣುತ್ತದೆ." ಕೆಳಗೆ ಸಹಿ ಗೀಚಿದರು. ಹಾಳೆಯನ್ನು ಬಾಯಲ್ಲಿ ಕಚ್ಚಿಕೊಂಡು, ಫಿಲ್ಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಗಿಲನ್ನು ಕಾಲಿನಿಂದ ಒದ್ದು ತೆರೆದು ಓಡಿದರು.

ವಿಮಾನದ ಶೆಡ್ಡಿನ ಮುಂದೆ ಕ್ಲಬ್ಬಿಗೆ ಕ್ಲಬ್ಬೇ ಟೀ ಲೋಟ ಹಿಡಿದು ನಿಂತಿತ್ತು. ನಿಮಿಷಪ್ಪನವರು ಗುಂಪನ್ನು ಸೀಳಿಕೊಂಡು ಇಂಜಿನಿಯರಮ್ಮನ ಮುಂದೆ ನಿಂತು, ಬಾಯಿಂದ ಹಾಳೆ ತೆಗೆದು ಏದುಸಿರು ಬಿಟ್ಟರು.

"ಇದು! ಇದೇ! ಆರಿಸ್ದೆ ಮೇಡಂ, ಇನ್ನು ತಡ ಮಾಡ್ಬೇಡಿ. ತೊಳೆದು ಒಣಗಿಸಿ ಹಾಕಿಬಿಡಿ. ನಾಲ್ಕು ಗಂಟೆಗೆ ನನ್ನ ಮಗಳು ಹಾರಲೇಬೇಕು!"

ಇಂಜಿನಿಯರಮ್ಮ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಬಟ್ಟಲನ್ನು ನೋಡಿದರು. ಬಟ್ಟಲಿನಿಂದ ಮೀನು ಅವರನ್ನು ನೋಡಿತು.

"ಒಳಗೆ ಏನಿದೆಯೆಂದು ಹೊರಗಿಂದ ಕಾಣುತ್ತದೆ," ಎಂದು ಹಾಳೆಯನ್ನು ಗಟ್ಟಿಯಾಗಿ ಓದಿದರು ಅವರು. "ನಿಜ. ಚೆನ್ನಾಗಿ ಕಾಣ್ತಿದೆ."

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ನಗುವವರ ನಡುವೆ ಮಗಳಿದ್ದಳು. ಇಸ್ತ್ರಿಯ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಅವಳ ಹಿಂದೆ ನೀಲಿ ವಿಮಾನ. ಬಿಸಿಯಾದ ಇಂಜಿನ್ ಟಿಕ್ ಟಿಕ್ ಎಂದು ತಣಿಯುತ್ತಿತ್ತು.

ನಿಮಿಷಪ್ಪನವರು ವಿಮಾನವನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ವಿಮಾನವನ್ನು ನೋಡಿದರು.

"ಅಪ್ಪಾ, ಆಯ್ತು," ಎಂದಳು ಮಗಳು. "ಒಬ್ಳೇ ಹೋದೆ. ಒಂದು ಸುತ್ತು ಹಾಕಿ ಬಂದೆ."

"ಹೂವಿನ ಹಾಗೆ ಇಳಿಸಿದ್ಲು!" ಎಂದು ಕ್ಯಾಪ್ಟನ್ ಕಿರುಚಿದರು.

"ಆದ್ರೆ ಫಿಲ್ಟರ್?" ನಿಮಿಷಪ್ಪನವರು ಮೀನಿನ ಬಟ್ಟಲನ್ನು ಮುಂದಕ್ಕೆ ಚಾಚಿದರು. "ಫಿಲ್ಟರ್ ಇಲ್ಲದೆ ಹೇಗೆ?"

"ಫಿಲ್ಟರ್ ಮಂಗಳವಾರವೇ ಬದಲಾಯಿಸ್ದೆ," ಎಂದರು ಇಂಜಿನಿಯರಮ್ಮ. "ನಾವು ಯಾವಾಗ್ಲೂ ಹಾಕೋ ನಮೂನೆ. ಅದು ನಿಂತೂ ಇಲ್ಲ, ಗಿಂತೂ ಇಲ್ಲ. ನಂಬರ್ ಹೇಳಿದೆ, ಯಾವ ವಿಮಾನಕ್ಕೆ ಅಂತಾನೂ ಕೇಳದೆ ನೀವೇ ತಂದುಕೊಟ್ರಿ."

"ಹಾಗಾದ್ರೆ ಈ ಮೂರು?"

"ಸೇಲ್ಸ್‌ನವನೊಬ್ಬ ತೋರಿಸೋಕೆ ಅಂತ ಬಿಟ್ಟುಹೋದ ಸ್ಯಾಂಪಲ್. ನಮ್ಮ ಯಾವ ವಿಮಾನಕ್ಕೂ ಅವು ಕೂರೋದೇ ಇಲ್ಲ."

ನಿಮಿಷಪ್ಪನವರು ಪಕ್ಕದಲ್ಲಿದ್ದ ಪೀಪಾಯಿಯ ಮೇಲೆ ಕುಸಿದು ಕೂತರು. ಮಗಳು ಬಂದು ಅವರ ಮುಂದೆ ಮಂಡಿಯೂರಿದಳು.

"ನಾನೇ ಹೇಳಿದ್ದಪ್ಪ. ಮೇಡಂ ಮೇಲೆ ಕೋಪ ಮಾಡ್ಕೋಬೇಡಿ. ನೀವು ಹೊರಗೆ ನಿಂತಿದ್ರೆ ನಾನು ರನ್‌ವೇ ನೋಡ್ತಿರ್ಲಿಲ್ಲ, ನಿಮ್ಮ ಮುಖ ನೋಡ್ತಿದ್ದೆ. 'ಅಪ್ಪನಿಗೆ ಆರಿಸೋಕೆ ಏನಾದ್ರೂ ಕೊಡಿ, ಮಧ್ಯಾಹ್ನದವರೆಗೆ ಅಲ್ಲಾಡಲ್ಲ' ಅಂತ ಕೇಳ್ಕೊಂಡೆ."

"ಎರಡು ಡಬ್ಬ ಸಾಕಲ್ವಾ ಅಂದೆ ನಾನು," ಎಂದರು ಇಂಜಿನಿಯರಮ್ಮ. "ಮೂರು ಇರ್ಲಿ ಅಂದ್ಲು. ಅಪ್ಪನ್ನ ಚೆನ್ನಾಗಿ ಬಲ್ಲ ಹುಡುಗಿ."

ನಿಮಿಷಪ್ಪನವರು ನಿಧಾನವಾಗಿ ಕಣ್ಣಾಡಿಸಿದರು. ಕ್ಯಾಪ್ಟನ್ ಆಕಾಶ ನೋಡತೊಡಗಿದರು. ಕ್ಯಾಂಟೀನ್ ಅಕ್ಕ ಜಾಲರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಭಾವಮೈದ ಚೀಲವನ್ನೂ ಮರೆತು, ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದವನು ಎರಡನ್ನೂ ಕೆಳಗಿಟ್ಟ. ಅವನ ಹಿಂದೆ, ಫೋನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದವಳು ಹೆಂಡತಿ.

"ಪಕ್ಕದ್ಮನೆ ಟೀವಿನಾ?" ಎಂದರು ನಿಮಿಷಪ್ಪನವರು.

"ಏನ್ಮಾಡ್ಲಿ ರೀ? ಬಾಯಿಗೆ ಬಂದಿದ್ದು ಹೇಳ್ದೆ," ಎಂದಳು ಹೆಂಡತಿ. ಆಮೇಲೆ ಅತ್ತು ಕೆಂಪಾದ ಕಣ್ಣನ್ನು ಒರೆಸಿಕೊಂಡು, "ನೀವು ನೋಡ್ಬೇಕಿತ್ತು," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ನಿಮಿಷಪ್ಪನವರಿಗೆ ಕೋಪ ಮಾಡಿಕೊಳ್ಳಬೇಕೋ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಲ್ಲೂ ಮೂರು. ಕೊನೆಗೆ ಮಗಳ ಕೈ ಹಿಡಿದುಕೊಂಡು ಕೇಳಿದರು, "ಮೇಲಿಂದ ಏನು ಕಾಣ್ತಿತ್ತಮ್ಮ?"

"ನಿಮ್ಮ ಸ್ಟೋರಿನ ತಗಡು ಕಾಣ್ತಿತ್ತು. ಒಳಗೆ ನೀವಿದೀರಿ ಅಂತ ಧೈರ್ಯ ಬಂತು."

"ಕಿಟಕಿ ಮುಚ್ಚಿತ್ತಲ್ಲಮ್ಮ."

"ಅದಕ್ಕೇ ಅಪ್ಪ ಧೈರ್ಯ ಬಂದಿದ್ದು."

ಮತ್ತೆ ನಗು ಎದ್ದಿತು. ಈ ಸಲ ನಿಮಿಷಪ್ಪನವರೂ ನಕ್ಕರು. ಮೀನಿನ ಬಟ್ಟಲನ್ನು ಭಾವಮೈದನ ಕೈಗಿತ್ತು, ಒಂದು ಲೋಟ ಟೀ ತೆಗೆದುಕೊಂಡರು. ಜಾಲರಿಯಲ್ಲಿ ಸೋಸಿದ ಟೀ, ನಿಜ ಹೇಳಬೇಕೆಂದರೆ, ಎಂದಿಗಿಂತ ಚೆನ್ನಾಗಿತ್ತು. ಮಗಳು ಹಾರಿದಳು, ಇಳಿದಳು, ಎದುರಿಗೇ ನಿಂತಿದ್ದಾಳೆ. ಇನ್ನು ಜೀವನದಲ್ಲಿ ಹೆದರುವಂಥದ್ದು ಏನೂ ಉಳಿದಿಲ್ಲ ಎಂದು ಅವರು ಕಾಲು ಚಾಚಿ ಕೂತರು.

"ಅಂದ್ಹಾಗೆ ರೀ," ಎಂದಳು ಹೆಂಡತಿ, ಪಕ್ಕಕ್ಕೆ ಬಂದು ಕೂತು. "ನಿಮಗೊಂದು ವಿಷ್ಯ ಹೇಳ್ಬೇಕು. ಇವಳು ಹಾರಿದ್ದು ನೋಡಿ ನನಗೆ ಸುಮ್ನಿರೋಕೆ ಆಗ್ಲಿಲ್ಲ. ಕ್ಯಾಪ್ಟನ್ ಹತ್ರ ಹೆಸರು ಕೊಟ್ಟೆ. ಸೋಮವಾರದಿಂದ ನನ್ನ ಪಾಠ."

"ಯಾವ ಪಾಠ?"

"ಹಾರೋ ಪಾಠ."

"ಧೈರ್ಯ ಇದೆ! ಮಗಳಿಗಿಂತ ಬೇಗ ಕಲೀತಾರೆ!" ಎಂದು ಕ್ಯಾಪ್ಟನ್ ಇಡೀ ಮೈದಾನಕ್ಕೆ ಸಾರಿದರು.

ನಿಮಿಷಪ್ಪನವರು ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. ಲೋಟವನ್ನು ಪೀಪಾಯಿಯ ಮೇಲಿಟ್ಟು ಎದ್ದರು. ಯಾರಿಗೂ ಕಾಣದ ಹಾಗೆ ನಿಧಾನವಾಗಿ ಸರಿಯುತ್ತ ಸರಿಯುತ್ತ ಇಂಜಿನಿಯರಮ್ಮನ ಪಕ್ಕಕ್ಕೆ ಹೋಗಿ, ದನಿ ತಗ್ಗಿಸಿ ಕೇಳಿದರು:

"ಮೇಡಂ, ಸೋಮವಾರಕ್ಕೆ ನನಗೆ ಆರಿಸೋಕೆ ಏನಾದ್ರೂ ಇದೆಯಾ?"

ಇಂಜಿನಿಯರಮ್ಮ ಸ್ವಲ್ಪ ಯೋಚಿಸಿದರು. "ಟೈರು ಇದೆ. ನಾಲ್ಕು ಥರ."

"ನಾಲ್ಕು ಸಾಲಲ್ಲ ಮೇಡಂ," ಎಂದರು ನಿಮಿಷಪ್ಪನವರು. "ಪಾಠ ಒಂದು ಗಂಟೆ ನಡೆಯುತ್ತೆ. ಆರಾದ್ರೂ ಕೊಡಿ."